ರಸೀದಿಯ ಮೇಲೆ ಬರೆಯದ ಒಂದು ಸಾಲು

ಕಾರವಾರದಿಂದ ಅಂಕೋಲಾ ಕಡೆಗೆ ಹೊರಟರೆ ಅರ್ಗಾ ಹತ್ತಿರ ನೌಕಾನೆಲೆಯ ಗೋಡೆ ರಸ್ತೆಯ ಜೊತೆಗೇ ಬರುತ್ತದೆ. ಅದರಾಚೆ ಒಂದು ಕಾಲಕ್ಕೆ ಗದ್ದೆ, ತೆಂಗಿನ ತೋಟ, ಮೀನುಗಾರರ ಮನೆಗಳಿದ್ದವು. 1986ರ ಅಕ್ಟೋಬರ್‌ನಲ್ಲಿ ಪ್ರಧಾನಿ ರಾಜೀವ್ ಗಾಂಧಿ ಈ ನೌಕಾನೆಲೆ ಕಟ್ಟುವ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ನೆಲೆ ಕೆಲಸ ಶುರು ಮಾಡಿತು. ಜಮೀನು ಕಳೆದುಕೊಂಡವರ ಪರಿಹಾರದ ತಕರಾರು ಮಾತ್ರ ಅಲ್ಲಿಗೆ ಮುಗಿಯಲಿಲ್ಲ.

ಅದರ ಬೇರು 1894ರ ಭೂಸ್ವಾಧೀನ ಕಾಯ್ದೆಯಲ್ಲಿದೆ. ಜಮೀನಿನ ದರ ನಿಗದಿ ಮಾಡುವವರು ಅಧಿಕಾರಿ. ಅದು ಕಡಿಮೆ ಅನ್ನಿಸಿದರೆ 18ನೇ ಕಲಮಿನಡಿ ಕೋರ್ಟಿಗೆ ಕಳಿಸಿ ಎಂದು ಕೇಳಬಹುದಿತ್ತು. ಆದರೆ 31ನೇ ಕಲಮಿನಲ್ಲಿ ಒಂದು ಷರತ್ತಿತ್ತು. ತಕರಾರು ಉಳಿಸಿಕೊಂಡೇ ಹಣ ಪಡೆದಿರಬೇಕು. ಸುಮ್ನೆ ಸಹಿ ಹಾಕಿ ಪಡೆದರೆ ಆ ಹಕ್ಕನ್ನು ನಾವೇ ಬಿಟ್ಟುಕೊಟ್ಟಂತೆ ಲೆಕ್ಕ! ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ‘ತಕರಾರಿನೊಂದಿಗೆ ಪಡೆದಿದ್ದೇನೆ’ ಅಂತ ಬರೆಯಬೇಕು ಎಂದು ಯಾರಿಗೆ ಹೊಳೆಯುತ್ತದೆ? ಹೆಬ್ಬೆಟ್ಟು ಒತ್ತುವ ಅಜ್ಜಿಗೆ ಅದನ್ನು ಹೇಳುವವರು ಯಾರು? ಇಡೀ ಕಾಯ್ದೆಯಲ್ಲಿ ನನಗೆ ಅತಿ ಕಠೋರ ಅನ್ನಿಸಿದ್ದು ಇದೇ.

1984ರ ತಿದ್ದುಪಡಿಯಲ್ಲಿ 28ಎ ಕಲಂ ಬಂತು. ಪಕ್ಕದ ಜಮೀನಿನವರು ಕೋರ್ಟಿನಲ್ಲಿ ಜಾಸ್ತಿ ದರ ಪಡೆದರು ಅಂದುಕೊಳ್ಳಿ. ಅದೇ ಅಧಿಸೂಚನೆಯಲ್ಲಿ ಜಮೀನು ಕಳೆದುಕೊಂಡು, ಕೋರ್ಟಿಗೆ ಹೋಗದೆ ಉಳಿದವರೂ ಮೂರು ತಿಂಗಳೊಳಗೆ ಅರ್ಜಿ ಹಾಕಿ ಆ ದರ ಕೇಳಬಹುದು. ಸೀಬರ್ಡ್ ನಿರಾಶ್ರಿತರು ‘28ಎ ಕೇಸು’ ಅನ್ನುವುದು ಇದನ್ನೇ.

ಅದೇ ತಿದ್ದುಪಡಿಯಲ್ಲಿ ಒಪ್ಪಂದದ ಐತೀರ್ಪೂ (ಪರಿಹಾರ ನಿಗದಿಯ ಆದೇಶ) ಬಂತು. ಕೂತು ಮಾತಾಡಿ, ದರಕ್ಕೆ ಬರವಣಿಗೆಯಲ್ಲಿ ಒಪ್ಪುವುದು. ಹೀಗೆ ಒಪ್ಪಿದವರು ಮತ್ತೆ 18ನೇ ಕಲಮಿನಡಿ ಹೆಚ್ಚು ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಹೇಳಿತು.

2014ರ ಜನವರಿ 1ರಿಂದ ಹೊಸ ಭೂಸ್ವಾಧೀನ ಕಾಯ್ದೆ ಜಾರಿಯಲ್ಲಿದೆ. ಪರಿಹಾರ ಹೆಚ್ಚಿದೆ, 28ಎ ಥರದ ಅವಕಾಶ 73ನೇ ಕಲಮಿನಲ್ಲಿ ಉಳಿದಿದೆ. ಆದರೆ ಆ ಹಳೆಯ ಷರತ್ತೂ 77ನೇ ಕಲಮಿನಲ್ಲಿ ಹಾಗೇ ಕೂತಿದೆ. ರಾಷ್ಟ್ರೀಯ ಹೆದ್ದಾರಿಗೆ ಹೋದ ಜಮೀನಿನ ದಾರಿ ಬೇರೆ. ಅದರ ದರದ ತಕರಾರು ಮೊದಲು ಆರ್ಬಿಟ್ರೇಟರ್ (ಮಧ್ಯಸ್ಥಗಾರ) ಹತ್ತಿರ ಹೋಗಬೇಕು.

ವಕೀಲರ ಫೀ ನೆನೆದೇ ಎಷ್ಟೋ ಜನ ಹಿಂದೆ ಸರಿಯುತ್ತಾರೆ, ಅಲ್ವಾ? 1987ರ ಕಾನೂನು ಸೇವೆಗಳ ಕಾಯ್ದೆಯಡಿ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಕಾರವಾರದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ. ಸಹಿ ಹಾಕುವ ಮೊದಲೇ ಕಾಗದವನ್ನು ಅಲ್ಲಿ ತೋರಿಸಬಹುದು.