ಮಲೇರಿಯಾ ಬಂದಾಗ ಆಂಟಿಆಕ್ಸಿಡೆಂಟ್ ಮಾತ್ರೆ ಒಳ್ಳೆಯದಾ?

ಪ್ರಶ್ನೆ: ಆಂಟಿಆಕ್ಸಿಡೆಂಟ್ ದೇಹಕ್ಕೆ ಒಳ್ಳೆಯದು ಅಂತ ಎಲ್ಲ ಕಡೆ ಓದುತ್ತೇವೆ. ಮಲೇರಿಯಾ ಬಂದು ಸುಸ್ತಾದಾಗ ವಿಟಮಿನ್ ಸಿ, ವಿಟಮಿನ್ ಇ ಮಾತ್ರೆ ಜಾಸ್ತಿ ತೆಗೆದುಕೊಂಡರೆ ಬೇಗ ಚೇತರಿಸಿಕೊಳ್ಳಬಹುದು ಅಲ್ವಾ?

ಉತ್ತರ: ಅಷ್ಟು ಸಲೀಸಲ್ಲ. ಆಂಟಿಆಕ್ಸಿಡೆಂಟ್ ಅಂದರೆ ಆಕ್ಸಿಜನ್‌ನಿಂದ ಹುಟ್ಟುವ ಹಾನಿಕರ ಅಣುಗಳನ್ನು ತಣಿಸುವ ವಸ್ತು. ರಕ್ತಕಣದೊಳಗೆ ಕೂತಿರುವ ಮಲೇರಿಯಾ ಪರಾವಲಂಬಿಗೂ ಅದು ಬೇಕು. ನೀವು ನುಂಗಿದ ಮಾತ್ರೆ ಯಾರಿಗೆ ನೆರವಾಗುತ್ತದೆ ಅನ್ನುವುದೇ ತೊಡಕು.

ಪ್ಲಾಸ್ಮೋಡಿಯಂ ಎಂಬ ಈ ಪರಾವಲಂಬಿಗೆ ಅದರ ಊಟವೇ ಕುತ್ತು. ಅದು ಕೆಂಪು ರಕ್ತಕಣದ ಹಿಮೋಗ್ಲೋಬಿನ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ತಿಂದು ಅರಗಿಸುತ್ತದೆ. ಪ್ರೋಟೀನ್ ಆಹಾರವಾಗುತ್ತದೆ. ಕಬ್ಬಿಣವಿರುವ ಹೀಮ್ ಮಾತ್ರ ಹಾಗೇ ಉಳಿಯುತ್ತದೆ, ಅದು ವಿಷ. ಆ ಕಬ್ಬಿಣದಿಂದ ಆಕ್ಸಿಜನ್‌ಗೆ ಎಲೆಕ್ಟ್ರಾನ್ ದಾಟಿದಾಗ ಸೂಪರಾಕ್ಸೈಡ್ ಹುಟ್ಟುತ್ತದೆ, ಅದರಿಂದ ಹೈಡ್ರೋಜನ್ ಪೆರಾಕ್ಸೈಡ್. ಪೊರೆ, ಪ್ರೋಟೀನ್, ಡಿಎನ್‌ಎ ಯಾವುದನ್ನೂ ಇವು ಬಿಡುವುದಿಲ್ಲ. ಹಾಗಾಗಿ ಪರಾವಲಂಬಿ ಹೀಮನ್ನು ಕಂದು ಹರಳಾಗಿ ಗಟ್ಟಿ ಮಾಡಿ ಪಕ್ಕಕ್ಕಿಡುತ್ತದೆ. ಮಲೇರಿಯಾ ಔಷಧ ಕ್ಲೋರೋಕ್ವಿನ್ ಅಡ್ಡಿ ಮಾಡುವುದು ಈ ಹರಳು ಕಟ್ಟುವ ಕೆಲಸಕ್ಕೇ.

ಪೆರಾಕ್ಸೈಡ್ ಒಡೆಯಲು ನಮ್ಮ ರಕ್ತಕಣದಲ್ಲಿ ಕೆಟಲೇಸ್ ಎಂಬ ಕಿಣ್ವ ಇದೆ. ಪ್ಲಾಸ್ಮೋಡಿಯಂಗೆ ಅದಿಲ್ಲ. ಗ್ಲುಟಾಥಯೋನ್, ಥಯೋರೆಡಾಕ್ಸಿನ್ ಎಂಬ ಆಂಟಿಆಕ್ಸಿಡೆಂಟ್‌ಗಳನ್ನು ನಂಬಿಕೊಂಡೇ ಅದರ ಜೀವನ. ಅದೂ ಸಾಲದೆ ಪೆರಾಕ್ಸೈಡ್ ಒಡೆಯುವ, ರಕ್ತಕಣದ್ದೇ ಒಂದು ಪೆರಾಕ್ಸಿರೆಡಾಕ್ಸಿನ್ ಕಿಣ್ವವನ್ನು ಒಳಗೆ ಎಳೆದುಕೊಂಡು ಬಳಸುತ್ತದೆ. ತಿನ್ನುವ ಮನೆಯಲ್ಲೇ ಆಯುಧವನ್ನೂ ಕದಿಯುವ ಜಾಣತನ ಇದು!

ಎಲ್ಲ ಪರಾವಲಂಬಿಗಳದ್ದೂ ಇದೇ ದಾರಿ ಅಂದುಕೊಳ್ಳಬೇಡಿ. ಕಾಲಾ ಅಜರ್ ಕಾಯಿಲೆ ತರುವ ಲೀಷ್ಮೇನಿಯಾ ಎರಡು ಗ್ಲುಟಾಥಯೋನ್‌ಗಳನ್ನು ಸ್ಪರ್ಮಿಡಿನ್ ಎಂಬ ಸಣ್ಣ ಅಣುವಿನ ಜೊತೆ ಬೆಸೆದು ಟ್ರಿಪನೋಥಯೋನ್ ಎಂಬ ತನ್ನದೇ ಆಂಟಿಆಕ್ಸಿಡೆಂಟ್ ಮಾಡಿಕೊಳ್ಳುತ್ತದೆ. 1985ರಲ್ಲಿ ಬೆಳಕಿಗೆ ಬಂದ ಈ ಅಣು ಮನುಷ್ಯರಲ್ಲಿ ಇಲ್ಲ. ಔಷಧ ಹುಡುಕುವವರಿಗೆ ಇದಕ್ಕಿಂತ ಒಳ್ಳೆಯ ಗುರಿ ಎಲ್ಲಿ ಸಿಗಬೇಕು?

ಮತ್ತೆ ಮಲೇರಿಯಾಕ್ಕೆ ಬರೋಣ. ಈ ರಕ್ಷಣೆಗೆಲ್ಲ ಎಲೆಕ್ಟ್ರಾನ್ ಒದಗಿಸುವುದು ಎನ್‌ಎಡಿಪಿಎಚ್ ಎಂಬ ಅಣು. ರಕ್ತಕಣದಲ್ಲಿ ಅದು ತಯಾರಾಗಲು ಜಿ6ಪಿಡಿ ಎಂಬ ಕಿಣ್ವ ಬೇಕು. ಜಗತ್ತಿನಲ್ಲಿ ಸುಮಾರು 40 ಕೋಟಿ ಜನರಿಗೆ ಹುಟ್ಟಿನಿಂದಲೇ ಈ ಕಿಣ್ವ ಕಡಿಮೆ. ಅವರ ರಕ್ತಕಣದೊಳಗೆ ಪರಾವಲಂಬಿ ಬೆಳೆಯುವುದು ಕಷ್ಟ. ಆದರೆ ಅವರ ರಕ್ತಕಣವೂ ನಾಜೂಕೇ. ಪ್ರೈಮಾಕ್ವಿನ್ ಎಂಬ ಮಲೇರಿಯಾ ಮಾತ್ರೆ ಕೊಟ್ಟರೆ ಒಡೆದುಹೋಗಬಹುದು. ಆ ಮಾತ್ರೆಗೆ ಮೊದಲು ಜಿ6ಪಿಡಿ ಟೆಸ್ಟ್ ಮಾಡಿಸುವುದು ಅದಕ್ಕೇ.

ಈಗ ನಿಮ್ಮ ವಿಟಮಿನ್ ಮಾತ್ರೆ. ಇವತ್ತಿನ ಮುಖ್ಯ ಔಷಧ ಆರ್ಟೆಮಿಸಿನಿನ್‌ನೊಳಗೇ ಒಂದು ಪೆರಾಕ್ಸೈಡ್ ಕೊಂಡಿ ಇದೆ. ಹೀಮ್‌ನ ಕಬ್ಬಿಣ ತಾಗಿದಾಗ ಅದು ಮುರಿದು, ಪರಾವಲಂಬಿಯ ಪ್ರೋಟೀನ್‌ಗಳನ್ನು ಕೆಡಿಸುವ ರಾಡಿಕಲ್‌ ಎಂಬ ಚುರುಕಾದ ಅಣುತುಣುಕುಗಳು ಹೊರಬರುತ್ತವೆ. ಅಂದರೆ ಔಷಧ ಕೆಲಸ ಮಾಡುವುದೇ ಆಕ್ಸಿಡೀಕರಣದಿಂದ. ಲ್ಯಾಬಿನಲ್ಲಿ ಬೆಳೆಸಿದ ಪರಾವಲಂಬಿಗೆ ವಿಟಮಿನ್ ಇ ಸೇರಿಸಿದರೆ ಈ ಔಷಧದ ಹೊಡೆತ ತಗ್ಗುತ್ತದೆ. ಆಹಾರದಲ್ಲಿ ವಿಟಮಿನ್ ಇ ಸಿಗದ ಇಲಿಗಳಲ್ಲಂತೂ ಮಲೇರಿಯಾ ಪರಾವಲಂಬಿ ಸರಿಯಾಗಿ ಬೆಳೆಯುವುದೇ ಇಲ್ಲ.

ಊಟದಲ್ಲಿ ಬರುವ ವಿಟಮಿನ್‌ಗೆ ಹೆದರಬೇಕಿಲ್ಲ. ಚಿಕಿತ್ಸೆ ನಡೆಯುವಾಗ ಭಾರಿ ಡೋಸಿನ ಮಾತ್ರೆಯನ್ನು ಸುಮ್ನೆ ಶುರು ಮಾಡಬೇಡಿ, ಡಾಕ್ಟರನ್ನು ಕೇಳಿ. ಜಿ6ಪಿಡಿ ಕಡಿಮೆ ಇರುವವರಂತೂ ಖಂಡಿತ ಕೇಳಬೇಕು. ವಿಟಮಿನ್ ಸಿ ಡೋಸ್ ತೀರಾ ಹೆಚ್ಚಾದಾಗ ಅದೇ ಪೆರಾಕ್ಸೈಡ್ ಹುಟ್ಟಿಸುತ್ತದೆ. ಅಂಥವರಿಗೆ ರಕ್ತನಾಳದ ಮೂಲಕ ಅದನ್ನು ಕೊಟ್ಟು ರಕ್ತಕಣಗಳು ಒಡೆದ ಪ್ರಕರಣಗಳಿವೆ.