ಮೀನಿನ ತೊಟ್ಟಿಯ ಲೋಳೆಗೂ ಒಂದು ಚರಿತ್ರೆಯಿದೆ

ಮೀನಿನ ತೊಟ್ಟಿಯ ನೀರು ಹರಿದು ಬರುವ ಗಿಡದ ಮಡಿಯಿಂದ ಒಂದು ಜಲ್ಲಿಕಲ್ಲು ಎತ್ತಿಕೊಳ್ಳಿ. ಬೆರಳಿಗೆ ಕಂದು ಲೋಳೆ ಹತ್ತುತ್ತದೆ. ಗಲೀಜು ಅಂತ ತಿಕ್ಕಿ ತೊಳೆಯಬೇಡಿ. ಮೀನು, ಗಿಡ ಎರಡನ್ನೂ ಒಂದೇ ನೀರಲ್ಲಿ ಬೆಳೆಸುವ ಅಕ್ವಾಪೋನಿಕ್ಸ್ ನಿಂತಿರುವುದೇ ಈ ಲೋಳೆಯಲ್ಲಿರುವ ಬ್ಯಾಕ್ಟೀರಿಯಾಗಳ ಮೇಲೆ.

ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ಜಾಸ್ತಿಯಾದರೆ ಅದು ಮೀನಿಗೇ ವಿಷ. ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಮಾಡುತ್ತವೆ. ಅದೂ ವಿಷವೇ. ಆಮೇಲೆ ನೈಟ್ರೇಟ್ ಮಾಡುತ್ತವೆ. ಅದು ಮೀನಿಗೆ ಅಷ್ಟು ತೊಂದರೆ ಕೊಡುವುದಿಲ್ಲ, ಗಿಡಕ್ಕೋ ಒಳ್ಳೆ ಗೊಬ್ಬರ.

ಇದು ಜೀವಿಗಳ ಕೆಲಸ ಅಂತ ತೋರಿಸಿದ್ದು 1877ರಲ್ಲಿ, ಫ್ರಾನ್ಸಿನ ವಿಜ್ಞಾನಿಗಳಾದ ಶ್ಲೋಸಿಂಗ್ ಮತ್ತು ಮುಂಟ್ಸ್. ಮರಳು, ಸುಣ್ಣಕಲ್ಲು ತುಂಬಿದ ಕೊಳವೆಯೊಳಗೆ ಚರಂಡಿ ನೀರನ್ನು ನಿಧಾನವಾಗಿ ಇಳಿಸಿದರು. ಸುಮಾರು 20 ದಿನ ಏನೂ ಬದಲಾಗಲಿಲ್ಲ. ಆಮೇಲೆ ನೈಟ್ರೇಟ್ ಬರತೊಡಗಿತು. ಬರೀ ರಾಸಾಯನಿಕ ಕ್ರಿಯೆಯಾಗಿದ್ದರೆ ಇಷ್ಟು ದಿನ ಯಾಕೆ ಬೇಕು, ಅಲ್ವಾ? ಸೂಕ್ಷ್ಮಜೀವಿಗಳ ಕೆಲಸ ತಡೆಯುವ ಕ್ಲೋರೋಫಾರ್ಮ್ ಆವಿ ಹಾಯಿಸಿದರು, ನೈಟ್ರೇಟ್ ಬರುವುದು ನಿಂತಿತು. ಮಣ್ಣು ಕದಡಿದ ನೀರು ಹಾಕಿದರು, ಮತ್ತೆ ಶುರುವಾಯಿತು. ಇಷ್ಟು ಸರಳವಾಗಿ ಇಷ್ಟು ದೊಡ್ಡ ವಿಷಯ ಹೇಳಿದ ಪ್ರಯೋಗಗಳು ಕಡಿಮೆ.

1890ರ ಸುಮಾರಿಗೆ ರಷ್ಯಾದ ವಿಜ್ಞಾನಿ ವಿನೊಗ್ರಾಡ್‌ಸ್ಕಿ ಈ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದರು. ಮೊದಲ ಹಂತಕ್ಕೆ ನೈಟ್ರೊಸೊಮೋನಾಸ್, ಎರಡನೆಯದಕ್ಕೆ ನೈಟ್ರೊಬ್ಯಾಕ್ಟರ್ ಎಂಬ ಪಾಠ ಗಟ್ಟಿಯಾಯಿತು. 1970–80ರ ದಶಕಗಳಲ್ಲಿ ಅಮೆರಿಕದಲ್ಲಿ ಅಕ್ವಾಪೋನಿಕ್ಸ್ ರೂಪ ಪಡೆದಾಗಲೂ ಇದೇ ಪಾಠ ನಡೆಯುತ್ತಿತ್ತು.

ಆದರೆ 1990ರ ದಶಕದಲ್ಲಿ ಅಕ್ವೇರಿಯಂ ಫಿಲ್ಟರ್‌ಗಳ ಡಿಎನ್‌ಎ ನೋಡಿದಾಗ ನೈಟ್ರೊಬ್ಯಾಕ್ಟರ್ ಸಿಗಲೇ ಇಲ್ಲ. ಅದರ ಜಾಗದಲ್ಲಿ ನೈಟ್ರೊಸ್ಪೈರಾ ಎಂಬ ಬೇರೆ ಬ್ಯಾಕ್ಟೀರಿಯಾ ಇತ್ತು. 2015ರಲ್ಲಿ ಇನ್ನೊಂದು ಅಚ್ಚರಿ: ಎರಡೂ ಹಂತಗಳನ್ನು ಒಂಟಿಯಾಗಿಯೇ ಮುಗಿಸುವ ನೈಟ್ರೊಸ್ಪೈರಾಗಳು ಸಿಕ್ಕವು. ಅವುಗಳಲ್ಲಿ ಕೆಲವು ಬಂದದ್ದು ಮೀನು ಸಾಕುವ ವ್ಯವಸ್ಥೆಯೊಂದರ ಫಿಲ್ಟರ್‌ನಿಂದಲೇ! ನಮ್ಮ ತೊಟ್ಟಿಗಳಲ್ಲೇ ಇದ್ದದ್ದನ್ನು ಗುರುತಿಸಲು ನೂರು ವರ್ಷ ದಾಟಿತು.

ಹೆಸರು ಬದಲಾದರೂ ಅವುಗಳ ನಿಧಾನ ಬದಲಾಗಿಲ್ಲ. ಇವು ಒಂದು ಎರಡಾಗಲು ಅರ್ಧ ದಿನ, ಕೆಲವೊಮ್ಮೆ ಒಂದು ದಿನಕ್ಕೂ ಜಾಸ್ತಿ ಬೇಕು. ಹಾಗಾಗಿ ಹೊಸ ತೊಟ್ಟಿ ಹದಕ್ಕೆ ಬರಲು 4ರಿಂದ 6 ವಾರ ಹಿಡಿಯುತ್ತದೆ. ಮೊದಲು ಅಮೋನಿಯಾ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್. ಎರಡೂ ಇಳಿಯುವ ಮೊದಲೇ ತೊಟ್ಟಿ ತುಂಬ ಮೀನು ಬಿಟ್ಟರೆ ಸಾಯುತ್ತವೆ. ಕ್ಲೋರಿನ್ ಇರುವ ನಲ್ಲಿ ನೀರನ್ನು ಹಾಗೇ ಸುರಿದರೂ ಅಪಾಯವೇ: ಅಂದು ಕ್ಲೋರೋಫಾರ್ಮ್ ಆ ಕೊಳವೆಗೆ ಮಾಡಿದ್ದನ್ನು ಇಂದು ಕ್ಲೋರಿನ್ ಈ ಲೋಳೆಗೆ ಮಾಡುತ್ತದೆ.