ಹೆಸರು ಗಿಡ್ಡ ಮಾಡಿದರೆ ಕ್ವೆರಿ ಓಡುತ್ತಾ?

"ಸರ್, ವೇರಿಯಬಲ್ ಹೆಸರೆಲ್ಲ ಗಿಡ್ಡ ಮಾಡಿದೀನಿ, ಆದ್ರೂ ಪ್ರೊಸೀಜರ್ ನಿಧಾನ" ಅಂತ ಒಬ್ಬ ಹುಡುಗ ಬಂದ. ಪ್ರೊಸೀಜರ್ ಅಂದರೆ ಡೇಟಾಬೇಸ್‌ನೊಳಗೇ ಇಟ್ಟ ಪ್ರೋಗ್ರಾಂ, ವೇರಿಯಬಲ್ ಅಂದರೆ ಅದರಲ್ಲಿ ಮೌಲ್ಯ ಹಿಡಿದಿಡುವ ಹೆಸರು. ತೆರೆದು ನೋಡಿದೆ. ವಿ1ರಿಂದ ವಿ37ರ ತನಕ ಸಾಲುಗಟ್ಟಿ ನಿಂತಿವೆ. ಬಿಲ್ ನಂಬರ್ ಯಾವುದು, ದಿನಾಂಕ ಯಾವುದು, ಬರೆದವನಿಗೇ ಗೊತ್ತಿಲ್ಲ. ಎರಡು ದಿನ ಕೂತು ಮಾಡಿದ್ದನಂತೆ, ಪಾಪ. ಇಂಥವರು ವರ್ಷಕ್ಕೆ ನಾಲ್ಕೈದು ಜನ ಸಿಗುತ್ತಾರೆ.

ಒರಾಕಲ್ ಡೇಟಾಬೇಸ್‌ನ ಪ್ರೋಗ್ರಾಮಿಂಗ್ ಭಾಷೆ ಪಿಎಲ್/ಎಸ್‌ಕ್ಯೂಎಲ್‌ನಲ್ಲಿ ನೇರವಾಗಿ ಬರೆದ ಕ್ವೆರಿ (ಡೇಟಾಬೇಸ್‌ಗೆ ಕೊಡುವ ಆಜ್ಞೆ) ಡೇಟಾಬೇಸ್ ಎಂಜಿನ್‌ಗೆ ಹೋಗುವಾಗ ನಿಮ್ಮ ವೇರಿಯಬಲ್ ಹೆಸರು ಉಳಿಯುವುದೇ ಇಲ್ಲ. ಕಂಪೈಲರ್ ಅದನ್ನು ಕಿತ್ತು ಬಿ1, ಬಿ2 ಎಂದು ಬೈಂಡ್ ಗುರುತು (ಮೌಲ್ಯ ಬಂದು ಕೂರುವ ಜಾಗದ ಗುರುತು) ಹಾಕುತ್ತದೆ. ನೀವು ಮೂರಕ್ಷರ ಇಡಿ, ಮೂವತ್ತಕ್ಷರ ಇಡಿ, ಅಲ್ಲಿಗೆ ತಲುಪುವುದು ಬಿ1. ಇನ್ನೇನು ಉಳಿತಾಯ ಆಯ್ತು?

ನಿಧಾನಕ್ಕೆ ಕಾರಣ ವಿ4ರ ಟೈಪ್. ಟೇಬಲ್‌ನಲ್ಲಿ ಕಾಲಂ ವಾರ್‌ಚಾರ್2, ಅಂದರೆ ಅಕ್ಷರ; ಇವನ ವೇರಿಯಬಲ್ ನಂಬರ್, ಅಂದರೆ ಸಂಖ್ಯೆ. ಇವೆರಡನ್ನು ಹೋಲಿಸಲು ಒರಾಕಲ್ ವೇರಿಯಬಲ್‌ನ ಟೈಪ್ ಬದಲಿಸುವುದಿಲ್ಲ, ಕಾಲಂ ಅನ್ನೇ ಸಂಖ್ಯೆ ಮಾಡುತ್ತದೆ. ಅದೂ ಒಂದೊಂದು ಸಾಲಿಗೂ. ಬೇಗ ಹುಡುಕಲೆಂದು ಆ ಕಾಲಂ ಮೇಲೆ ಇಟ್ಟ ಸಾದಾ ಇಂಡೆಕ್ಸ್ ಇದ್ದೂ ಇಲ್ಲದ ಹಾಗೆ. ಟೇಬಲ್ ಚಿಕ್ಕದಿದ್ದಾಗ ಯಾರಿಗೂ ಗೊತ್ತಾಗಲ್ಲ, ಬೆಳೆದ ಮೇಲೆ ಎಲ್ಲರೂ ಸರ್ವರ್‌ಗೆ ಬೈಯುತ್ತಾರೆ. ಮೈಕ್ರೋಸಾಫ್ಟ್‌ನ ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್‌ನಲ್ಲೂ ಇದೇ ಪೆಟ್ಟು ಬೀಳಬಹುದು: ವಾರ್‌ಚಾರ್ ಕಾಲಂಗೆ ಎನ್‌ವಾರ್‌ಚಾರ್ (ಯೂನಿಕೋಡ್ ಅಕ್ಷರ) ಪ್ಯಾರಾಮೀಟರ್, ಅಂದರೆ ಹೊರಗಿಂದ ಕೊಡುವ ಮೌಲ್ಯ, ಕಳಿಸಿ ನೋಡಿ. ಪೆಟ್ಟು ಎಷ್ಟು ಜೋರು ಅನ್ನೋದು ಕೊಲೇಷನ್ (ಅಕ್ಷರಗಳನ್ನು ಹೋಲಿಸುವ, ಜೋಡಿಸುವ ನಿಯಮ) ಮೇಲೆ ನಿಂತಿದೆ. ಹಾಗಾಗಿ ನನ್ನ ಮಾತು ನಂಬಬೇಡಿ, ಕ್ವೆರಿ ಹೇಗೆ ಓಡುತ್ತದೆಂದು ತೋರಿಸುವ ಪ್ಲಾನ್ ತೆಗೆದು ನೋಡಿ.

ಹೆಸರಿಗೆ ಬೆಲೆಯೇ ಇಲ್ಲ ಅಂತಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಪ್ರೊಸೀಜರ್ ಹೆಸರು 'ಎಸ್‌ಪಿ' ಮತ್ತು ಅಂಡರ್‌ಸ್ಕೋರ್‌ನಿಂದ ಶುರುವಾದರೆ ಅದು ಸಿಸ್ಟಂ ಪ್ರೊಸೀಜರ್ ಇರಬಹುದೆಂದು ಹುಡುಕಾಟ ನಡೆಯುತ್ತದೆ. ಸಣ್ಣ ಖರ್ಚು, ಆದರೂ ಸುಮ್ನೆ ಯಾಕೆ?

ನಿಜವಾದ ಅಪಾಯ ಬೇರೆ. ಶುರುವಿನ ದಿನಗಳಲ್ಲಿ ನಾನೇ ಪಿಎಲ್/ಎಸ್‌ಕ್ಯೂಎಲ್‌ನಲ್ಲಿ 'ಐಡಿ' ಕಾಲಂಗೆ 'ಐಡಿ' ಎಂಬ ವೇರಿಯಬಲ್ ಇಟ್ಟು, ಎರಡೂ ಸಮವಿರುವ ಸಾಲು ಅಳಿಸಲು ಡಿಲೀಟ್ ಬರೆದೆ. ಎರಡಕ್ಕೂ ಒಂದೇ ಹೆಸರಿದ್ದರೆ ಕ್ವೆರಿಯೊಳಗೆ ಗೆಲ್ಲುವುದು ಕಾಲಂ. ಐಡಿ ಐಡಿಗೆ ಸಮ ಅಲ್ವಾ, ಟೇಬಲ್ ಪೂರ್ತಿ ಖಾಲಿ. ಟೆಸ್ಟ್ ಡೇಟಾಬೇಸ್ ಆಗಿದ್ದಕ್ಕೆ ಬಚಾವಾದೆ. ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಈಗ ಇಂಥ ಕಡೆ ಎರರ್ ಕೊಟ್ಟು ನಿಲ್ಲುತ್ತದೆ, ಒರಾಕಲ್ ಹೇಳಿದ ಕೆಲಸ ಮಾಡಿ ಮುಗಿಸುತ್ತದೆ. ಪ್ಯಾರಾಮೀಟರ್‌ಗೆ 'ಪಿ', ವೇರಿಯಬಲ್‌ಗೆ 'ವಿ' ಅಂತ ಮುಂದೆ ಸೇರಿಸುವ ರೂಢಿ ಇದಕ್ಕೇ ಕೆಲಸಕ್ಕೆ ಬರುವುದು.

ಹುಡುಗ ಟೈಪ್ ಸರಿಮಾಡಿದ, ಪ್ರೊಸೀಜರ್ ಓಡಿತು. ಈಗ ಹಳೇ ಹೆಸರುಗಳನ್ನು ನೆನಪಿಸಿಕೊಳ್ಳುತ್ತ ಕೂತಿದ್ದಾನೆ. ಹಳೇ ಕಾಪಿ ಇಟ್ಟುಕೊಂಡಿರಲಿಲ್ಲ.